ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್: ಗುರುತ್ವದ ಲೆಕ್ಕಕ್ಕೆ ಎಷ್ಟು ಸೈ?

ಗುರುತ್ವಾಕರ್ಷಣೆಯ ಸೂತ್ರ ಸಣ್ಣದು: ಎರಡು ರಾಶಿಗಳನ್ನು ಗುಣಿಸಿ, ಕೇಂದ್ರದಿಂದ ಕೇಂದ್ರಕ್ಕಿರುವ ದೂರದ ವರ್ಗದಿಂದ ಭಾಗಿಸಿ, ದೊಡ್ಡ ಜಿ-ಯಿಂದ (ಗುರುತ್ವ ಸ್ಥಿರಾಂಕ) ಗುಣಿಸಿದರೆ ಬಲ ನ್ಯೂಟನ್‌ನಲ್ಲಿ ಬರುತ್ತದೆ. ಕಾಟ ಕೊಡುವುದು ಹತ್ತರ ಘಾತಗಳು. ಆ ಕಾಟಕ್ಕೆ ಈ ಕ್ಯಾಲ್ಕುಲೇಟರ್‌ನಲ್ಲಿ ಒಳ್ಳೆಯ ಮದ್ದಿದೆ, ಆದರೆ ಹೆಚ್ಚಿನವರು ಆ ಬಟನ್ ಮುಟ್ಟುವುದೇ ಇಲ್ಲ.

ಜಿ ಬಾಯಿಪಾಠ ಬೇಕಿಲ್ಲ. ಶಿಫ್ಟ್, 7, ಆಮೇಲೆ 39 ಒತ್ತಿದರೆ ಸಾಕು. (35 ಒತ್ತಿದರೆ ಬರುವುದು ಸಣ್ಣ ಜಿ, ಅಂದರೆ ಭೂಮಿಯ ಗುರುತ್ವ ವೇಗೋತ್ಕರ್ಷ, 9.80665. ಎಚ್ಚರ.) ಒಳಗಿರುವ ದೊಡ್ಡ ಜಿ ಬೆಲೆ ಅಂತಾರಾಷ್ಟ್ರೀಯ ವಿಜ್ಞಾನ ಸಮಿತಿಯ (ಕೊಡಾಟಾ) 2018ರ ಶಿಫಾರಸಿಗಿಂತ ಹಳೆಯದು. 6.674×10⁻¹¹ಕ್ಕೆ ದುಂಡು ಮಾಡುವವರಿಗೆ ಅದರಿಂದ ತೊಂದರೆಯಿಲ್ಲ.

ಭೂಮಿ-ಚಂದ್ರರ ಲೆಕ್ಕವನ್ನೇ ನೋಡಿ. ರಾಶಿ 5.972×10²⁴ ಮತ್ತು 7.348×10²² ಕೆಜಿ, ದೂರ 3.844×10⁸ ಮೀಟರ್. ಉತ್ತರ 1.98×10²⁰ ನ್ಯೂಟನ್ ಬರಬೇಕು. ಛೇದದಲ್ಲಿ 3.844, ಗುಣಾಕಾರ, 10ರ ಘಾತ 8 ಎಂದು ಬಿಡಿಬಿಡಿಯಾಗಿ ಒತ್ತಿ, ಆವರಣ ಹಾಕದೆ ವರ್ಗ ಮಾಡಿದರೆ 10⁸ ಮಾತ್ರ ವರ್ಗವಾಗುತ್ತದೆ. ಪರದೆಯ ಮೇಲೆ 7.62×10²⁰ ಕಾಣುತ್ತದೆ. ಘಾತ ಸರಿಯಿರುವುದರಿಂದ ತಪ್ಪು ಕಣ್ಣಿಗೇ ಬೀಳುವುದಿಲ್ಲ! ದೂರವನ್ನು ಕಿಲೋಮೀಟರ್‌ನಲ್ಲೇ ಹಾಕಿದರೆ ಉತ್ತರ ಹತ್ತು ಲಕ್ಷ ಪಟ್ಟು ಉಬ್ಬುತ್ತದೆ. ಅದಾದರೂ ಬೇಗ ಸಿಕ್ಕಿಬೀಳುತ್ತದೆ.

ಮದ್ದು 'ಕ್ಯಾಲ್ಕ್' ಬಟನ್. ಭಿನ್ನರಾಶಿಯ ಚೌಕಟ್ಟು ತೆಗೆದು ಮೇಲೆ ಜಿ×ಎ×ಬಿ, ಕೆಳಗೆ ಎಕ್ಸ್ ವರ್ಗ ಬರೆದು (ಎ, ಬಿ ರಾಶಿಗಳು, ಎಕ್ಸ್ ದೂರ; ಅಕ್ಷರಗಳಿಗೆ ಆಲ್ಫಾ ಬಟನ್) ಕ್ಯಾಲ್ಕ್ ಒತ್ತಿ. ಒಂದೊಂದೇ ಬೆಲೆ ಕೇಳುತ್ತದೆ, ಆವರಣದ ಗೊಡವೆಯೇ ಇಲ್ಲ. ಒಂದೇ ಕಿರಿಕಿರಿ: ಹಿಂದಿನ ಲೆಕ್ಕದ ಬೆಲೆ ಅಲ್ಲೇ ಕೂತಿರುತ್ತದೆ, ನೋಡದೆ ಸಮ ಚಿಹ್ನೆ ಒತ್ತಿದರೆ ಹಳೆಯದನ್ನೇ ನುಂಗುತ್ತದೆ.

ಬಲ ಗೊತ್ತಿದ್ದು ದೂರ ಬೇಕಾದರೆ ಶಿಫ್ಟ್-ಕ್ಯಾಲ್ಕ್, ಅಂದರೆ 'ಸಾಲ್ವ್'. ಇದು ನ್ಯೂಟನ್ ವಿಧಾನದಲ್ಲಿ, ಅಂದರೆ ಒಂದು ಊಹೆಯಿಂದ ಶುರುಮಾಡಿ ಹಂತಹಂತವಾಗಿ ತಿದ್ದುತ್ತಾ, ಉತ್ತರ ಹುಡುಕುವುದರಿಂದ ಎಕ್ಸ್ ಛೇದದಲ್ಲಿದ್ದಾಗ ಆರಂಭದ ಊಹೆ ತೀರಾ ದೊಡ್ಡದಾದರೆ ದಾರಿ ತಪ್ಪುತ್ತದೆ, ಸೊನ್ನೆ ಕೊಟ್ಟರೆ ಭಾಗಾಕಾರವೇ ಆಗದು. ಬಲ×ಎಕ್ಸ್ ವರ್ಗ = ಜಿ×ಎ×ಬಿ ಎಂದು ಬರೆದು, ಸುಮಾರಾದ ಧನ ಸಂಖ್ಯೆಯೊಂದನ್ನು ಊಹೆಯಾಗಿ ಕೊಡಿ.

ಪದವಿ, ಎಂಜಿನಿಯರಿಂಗ್ ಲ್ಯಾಬಿಗೆ ಧಾರಾಳವಾಗಿ ಕೊಳ್ಳಬಹುದು. ನೀಟ್, ಜೆಇಇ ಬರೆಯುವವರು ಮಾತ್ರ ಘಾತಗಳನ್ನು ಕೈಯಲ್ಲೇ ಕೂಡಿ ಕಳೆದು ರೂಢಿ ಮಾಡಿಕೊಳ್ಳಲಿ, ಅಲ್ಲಿ ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ.