ಅಕ್ವೇರಿಯಂ ಕೇಸಿಗೆ ಐದು ಕಪ್ಪು ಫ್ಯಾನ್: ಆರ್ಕ್ಟಿಕ್ ಪಿ12

ಲೈಟಿಲ್ಲ, ಬಣ್ಣವಿಲ್ಲ, ಡಬ್ಬಿಯಲ್ಲಿ ಸ್ಕ್ರೂ ಬಿಟ್ಟರೆ ಬೇರೇನೂ ಇಲ್ಲ. ಕಂಪ್ಯೂಟರ್ ಕೇಸಿಗೆ ಹಾಕುವ ಆರ್ಕ್ಟಿಕ್ ಪಿ12 ಪಿಡಬ್ಲ್ಯೂಎಂ ಪಿಎಸ್‌ಟಿ ಫ್ಯಾನಿನ ಐದರ ಪ್ಯಾಕ್ ಬಿಚ್ಚಿದಾಗ ಸ್ಟುಡಿಯೋದ ಹುಡುಗ "ಅಣ್ಣಾ, ಹಳೇ ಯುಪಿಎಸ್‌ದು ಕಿತ್ತು ತಂದ್ರೇನು?" ಅಂದ. ಏಪ್ರಿಲ್ ತಿಂಗಳ ರಾಯಚೂರಲ್ಲಿ ಮದುವೆ ವಿಡಿಯೋ ರೆಂಡರಿಗೆ ಹಾಕಿ ಕೂತವನಿಗೆ ಬೇಕಾದ್ದು ಗಾಳಿ, ಸೀರಿಯಲ್ ಸೆಟ್ ಅಲ್ಲ.

ನನ್ನ ಕೇಸು ಮುಂದೆಯೂ ಪಕ್ಕದಲ್ಲೂ ಗಾಜಿನದು, ಅಕ್ವೇರಿಯಂ ಅಂತಾರಲ್ಲ, ಅದು. ಗಾಳಿ ಒಳಗೆ ಬರಲು ಇರುವ ದಾರಿ ಗಾಜಿಲ್ಲದ ಇನ್ನೊಂದು ಪಕ್ಕ ಮತ್ತು ತಳ. ಜೋಡಿಸಿ ಕೊಟ್ಟವರು ಆ ಪಕ್ಕದ ಮೂರೂ ಫ್ಯಾನನ್ನು ಹೊರಗೆ ಊದುವ ಹಾಗೆ ಕೂಡಿಸಿದ್ದರು. ಯಾಕೆ ಗೊತ್ತಾ? ಫ್ಯಾನಿನ ಚಂದದ ಮುಖವೇ ಗಾಳಿ ಎಳೆಯುವ ಮುಖ. ಮೋಟಾರ್ ಹಿಡಿದ ಕಡ್ಡಿಗಳು, ಸ್ಟಿಕ್ಕರ್ ಇರುವ ಕಡೆಯಿಂದ ಗಾಳಿ ಹೊರಬೀಳುತ್ತೆ. ಗಾಜಿನಲ್ಲಿ ಚಂದದ ಮುಖ ಕಾಣಬೇಕು ಅಂದರೆ ಫ್ಯಾನು ಒಳಗಿನ ಗಾಳಿಯನ್ನೇ ಎಳೆದು ಆಚೆ ದಬ್ಬುತ್ತೆ. ಹಿಂದಿನದೂ ಹೊರಗೆ, ಮೇಲಿನದೂ ಹೊರಗೆ. ಆಗ ಗಾಳಿ ಸಂದಿಗೊಂದಿಯಿಂದ ನುಸುಳಬೇಕು, ಧೂಳನ್ನೂ ಜೊತೆಗೆ ಕರ್ಕೊಂಡು. ಹಿಂದೆ ಕಾರ್ಡ್ ಕೂರಿಸುವ ಜಾಗ ಮುಚ್ಚುವ ಸ್ಲಾಟ್ ಪಟ್ಟಿಗಳ ಒಂದೊಂದು ತೂತಿನ ಸುತ್ತಲೂ ಬೂದು ಬಣ್ಣದ ಉಂಗುರ ಕಟ್ಟಿತ್ತು. ಊದುಬತ್ತಿ ಹಿಡಿದು ನೋಡಿದೆ: ಹೊಗೆ ಹೊರಗೆ ಹೋಗಬೇಕಾದ ಆ ತೂತುಗಳಲ್ಲೇ ಸೊರ್ ಅಂತ ಒಳಗೆ ಹೋಯ್ತು.

ಚಂದದ ಮುಖ ಕಾಣುತ್ತಲೇ ಗಾಳಿ ಒಳಗೆ ಬರಲಿ ಅಂತಲೇ ಬ್ಲೇಡ್ ತಿರುಗುಮುರುಗಾದ ರಿವರ್ಸ್ ಫ್ಯಾನು ಮಾರುತ್ತಾರೆ, ದುಡ್ಡು ಜಾಸ್ತಿ. ನಾನು ಮೂರು ಪಿ12 ಪಕ್ಕಕ್ಕೆ, ಎರಡು ತಳಕ್ಕೆ, ಐದನ್ನೂ ಒಳಗೆ ಎಳೆಯುವ ಹಾಗೆ ಹಾಕಿದೆ. ತಳದ ಎರಡು ನೇರವಾಗಿ ಗ್ರಾಫಿಕ್ಸ್ ಕಾರ್ಡಿನ ಹೊಟ್ಟೆಗೆ ಊದುತ್ತವೆ. ಹಳೇ ಲೈಟಿನ ಫ್ಯಾನಲ್ಲಿ ಒಂದು ಹಿಂದೆ, ಒಂದು ಮೇಲೆ ಹಿಂಭಾಗಕ್ಕೆ, ಎರಡೂ ಹೊರಗೆ. ಅಲ್ಲಿ ಚಂದದ ಮುಖ ತಾನಾಗೇ ಒಳಗೆ ಕಾಣುತ್ತೆ, ಹುಡುಗನಿಗೂ ಸಮಾಧಾನ. ಒಳಗೆ ಬರುವ ಗಾಳಿ ಹೆಚ್ಚಾದ್ದರಿಂದ ಈಗ ಸಂದಿಗಳಿಂದ ಗಾಳಿ ಹೊರಗೆ ಹೋಗುತ್ತೆ. ಧೂಳು ಜಾಲರಿ ಫಿಲ್ಟರಿನಲ್ಲೇ ಕೂರುತ್ತೆ, ತೆಗೆದು ನಲ್ಲಿ ಕೆಳಗೆ ಹಿಡಿದರಾಯ್ತು.

ಪಿ12ನ್ನೇ ಆರಿಸಿದ್ದಕ್ಕೆ ಕಾರಣ ಫಿಲ್ಟರು. ಜಾಲರಿಯ ಮೂಲಕ ಎಳೆಯೋಕೆ ಒತ್ತಡ ಬೇಕು, ಇದರ ಅಗಲವಾದ ಐದು ಬ್ಲೇಡುಗಳು ಅದಕ್ಕೇ ಮಾಡಿದವು. ವೇಗ 200ರಿಂದ 1800 ಆರ್‌ಪಿಎಂ. ಪಿಎಸ್‌ಟಿ ಅಂದರೆ ಒಂದರ ವೈರಿಗೆ ಇನ್ನೊಂದನ್ನು ಸಿಕ್ಕಿಸುತ್ತಾ ಹೋಗಬಹುದು. ಐದೂ ಸೇರಿ ಮದರ್‌ಬೋರ್ಡಿನ ಒಂದೇ ಹೆಡರ್‌ಗೆ, ಅಂದರೆ ಫ್ಯಾನ್ ವೈರ್ ಸಿಕ್ಕಿಸುವ ಪಿನ್ನುಗಳಿಗೆ ಬಂತು, ಹಲವು ಫ್ಯಾನ್ ಒಟ್ಟಿಗೆ ಜೋಡಿಸುವ ಹಬ್ ಖರ್ಚು ಉಳೀತು. ಸಾಮಾನ್ಯವಾಗಿ ಒಂದು ಹೆಡರ್ ತಡೆಯೋದು 1 ಆಂಪಿಯರ್, ಇವು ಐದೂ ಸೇರಿ ಅದರೊಳಗೇ ಇವೆ. ಸಿಕ್ಕಸಿಕ್ಕ ಲೈಟ್ ಫ್ಯಾನ್ ಹೀಗೆ ಸರ ಪೋಣಿಸೋಕೆ ಹೋಗಬೇಡಿ.

ರಿಸಲ್ಟ್? ಕೋಣೆ 35 ಡಿಗ್ರಿ ಇದ್ದಾಗ ರೆಂಡರಲ್ಲಿ 84 ಮುಟ್ಟುತ್ತಿದ್ದ ಗ್ರಾಫಿಕ್ಸ್ ಕಾರ್ಡು ಈಗ 75ರ ಹತ್ತಿರ ನಿಲ್ಲುತ್ತೆ. ಪ್ರೊಸೆಸರಲ್ಲಿ ಅಷ್ಟೇನೂ ಫರಕಿಲ್ಲ. ಕೋಣೆಗಿಂತ ತಣ್ಣಗೆ ಯಾವ ಫ್ಯಾನೂ ಮಾಡಲ್ಲ, ಅದಕ್ಕೆ ಏಸಿನೇ ಬೇಕು.

ಒಂದು ಸೆಟ್ಟಿಂಗ್ ಮಾತ್ರ ಬಿಡಬೇಡಿ. ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗಿನಲ್ಲಿ, ಕೇಸ್ ಫ್ಯಾನು ಸಾಮಾನ್ಯವಾಗಿ ಪ್ರೊಸೆಸರ್ ಬಿಸಿ ನೋಡಿ ಓಡುತ್ತೆ. ವಿಡಿಯೋ ಕೆಲಸದಲ್ಲಿ ಬೇಯೋದು ಗ್ರಾಫಿಕ್ಸ್ ಕಾರ್ಡು. ವಿಂಡೋಸ್‌ಗೆ ಫ್ಯಾನ್ ಕಂಟ್ರೋಲ್ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದರಲ್ಲಿ ಎರಡರಲ್ಲಿ ಯಾವುದು ಹೆಚ್ಚು ಬಿಸಿಯೋ ಅದಕ್ಕೆ ತಕ್ಕಂತೆ ತಿರುಗುವ ಹಾಗೆ ಮಾಡಿಟ್ಟಿದ್ದೇನೆ.

ಉಳಿದ ಲೈಟ್ ಫ್ಯಾನುಗಳಲ್ಲಿ ಒಂದನ್ನು ಮೇಲೆ ಮುಂಭಾಗದ ಖಾಲಿ ಜಾಗಕ್ಕೆ ಹಾಕಿ ಅಂತ ಹುಡುಗನ ಹಟ. ಹಾಕಿಲ್ಲ. ಪಕ್ಕದಿಂದ ಬಂದ ತಣ್ಣನೆ ಗಾಳಿಯನ್ನು ಪ್ರೊಸೆಸರ್ ಕೂಲರ್ ಮುಟ್ಟುವ ಮೊದಲೇ ಅದು ಮೇಲಕ್ಕೆ ಎಳ್ಕೊಂಡು ಹೋಗುತ್ತೆ.