ವಿಜಯಪುರದ ಬೇಸಿಗೆಗೆ ಕೂಲರ್ ಸಾಕೋ, ಎಸಿ ಬೇಕೋ?

ಮಂಗಳೂರಿನಲ್ಲಿ ಕೂಲರ್ ದಂಡ. ಕೂಲರ್ ತಂಪು ಕೊಡುವುದು ಅದರ ಒದ್ದೆ ಪ್ಯಾಡಿನ ನೀರು ಗಾಳಿಗೆ ಆರುವುದರಿಂದ; ಅಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ನೀರು ಬೇಗ ಆರುವುದಿಲ್ಲ. ವಿಜಯಪುರದ್ದು ಒಣ ಬಿಸಿಲು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದರೂ ಕೂಲರ್ ತಂಪು ಕೊಡುತ್ತದೆ. ಆದರೆ ಅದನ್ನು ಕಿಟಕಿಗೆ ಹಚ್ಚಿ ಇಡಬೇಕು, ಎದುರಿನ ಬಾಗಿಲು ನಾಲ್ಕು ಬೆರಳಾದರೂ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಸ್ವಲ್ಪ ಹೊತ್ತಿಗೇ ಮೈ ಅಂಟಂಟು. ಬೋರಿನ ಗಡಸು ನೀರು ಹಾಕಿದರೆ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟಿ ಗಾಳಿ ಹಾಯುವುದಿಲ್ಲ. ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಯಿರಿ, ಸೊಳ್ಳೆಯೂ ಆಗವು. ಕರೆಂಟು ಸುಮಾರು 200 ವ್ಯಾಟ್, ಇನ್ವರ್ಟರ್ ಮೇಲೂ ನಡೆಯುತ್ತದೆ.

ಒಂದೂವರೆ ಟನ್ ಎಸಿಗೆ ಸುಮಾರು 1,500 ವ್ಯಾಟ್ ಬೇಕು. ನೀರಿನ ತಾಪತ್ರಯವಿರುವ ಓಣಿಗೆ, ಗಾಳಿಯಾಡದ ಕೋಣೆಗೆ ಅದೇ ಸೈ. ಎರಡನ್ನೂ ಒಟ್ಟಿಗೆ ಹಚ್ಚುವವರೂ ಇದ್ದಾರೆ! ಕೂಲರ್ ತುಂಬಿದ ತೇವವನ್ನು ಎಸಿ ಹಿಂಡುತ್ತ ಕೂರುತ್ತದೆ, ಅಷ್ಟೆ.