ಲೇಕ್ ಕೋಮೋ ‘ಸ್ಟೂಡೆಂಟ್ ಟ್ರಿಪ್’ಗೆ ದುಡ್ಡು ಕಟ್ಟುವ ಮುಂಚೆ ಓದಿ

ಇಟಲಿಯ ಮಿಲಾನ್‌ಗೆ ಓದಲು ಬಂದಿರುವ, ಬರಲಿರುವ ಎಲ್ಲರಿಗೂ ಹೇಳುತ್ತಿದ್ದೇನೆ. ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ‘ಲೇಕ್ ಕೋಮೋ ಡೇ ಟ್ರಿಪ್, 89 ಯೂರೋ, ಎಲ್ಲಾ ಸೇರಿ’ ಅಂತ ಒಬ್ಬರು ಮೆಸೇಜ್ ಹಾಕುತ್ತಿರುತ್ತಾರೆ. ಕನ್ನಡದವರೇ. ದಯವಿಟ್ಟು ದುಡ್ಡು ಕಳಿಸಬೇಡಿ. ನಾನೂ ನನ್ನ ರೂಮ್‌ಮೇಟೂ ಕಳಿಸಿ ಕೂತಿದ್ದೇವೆ. ಇನ್ನೂ ಹೊಟ್ಟೆ ಉರಿಯುತ್ತಿದೆ.

ಅವರು ಹೇಳಿದ್ದೇನು ಗೊತ್ತಾ? ಹೋಗಿ ಬರುವ ರೈಲು, ಸೀಟು ಬುಕ್ ಆಗಿರುತ್ತದೆ. ಪ್ರೈವೇಟ್ ಬೋಟ್. ಸರೋವರದ ದಡದ ವರೆನ್ನಾ, ಬೆಲ್ಲಾಜಿಯೋ, ಮೆನಾಜ್ಜೋ ಮೂರೂ ಊರು. ವಿಲ್ಲಾ ಕಾರ್ಲೊಟ್ಟಾ ತೋಟಕ್ಕೆ ಟಿಕೆಟ್. ನೀರಿನ ಪಕ್ಕದಲ್ಲೇ ಊಟ. ಜೊತೆಗೆ ಪಾಲಿಶ್ ಮಾಡಿದ ಮರದ ಬೋಟಿನ ಫೋಟೋ. ಫೋನ್ ಮಾಡಿದರೆ, “ನೀನು ನನ್ನ ತಂಗಿ ಇದ್ದ ಹಾಗೆ ಕಣಮ್ಮಾ, ಪರದೇಶದಲ್ಲಿ ನಮ್ಮೋರಿಗೆ ನಾವಲ್ಲದೆ ಇನ್ಯಾರು ಆಗ್ತಾರೆ?” ಅಂದರು. ಪೇಪಾಲ್‌ನಲ್ಲಿ ‘ಫ್ರೆಂಡ್ಸ್ ಅಂಡ್ ಫ್ಯಾಮಿಲಿ’ ಅಂತ ಹಾಕಿ ಕಳಿಸು, ಸುಮ್ನೆ ಕಮಿಷನ್ ಯಾಕೆ ಕಟ್ತೀಯಾ ಅಂತಲೂ ಅಂದರು. ಅಷ್ಟು ಅಕ್ಕರೆಯಿಂದ ಹೇಳಿದರೆ ಯಾರು ನಂಬಲ್ಲ?

ರೈಲು ಅಂದರೆ ಮಿಲಾನೋ ಚೆಂತ್ರಾಲೆ ಸ್ಟೇಷನ್ನಿಂದ ತಿರಾನೋ ಕಡೆ ಹೋಗುವ ಸಾಮಾನ್ಯ ರೈಲು. ಅದರಲ್ಲಿ ಸೀಟು ಬುಕಿಂಗ್ ಅನ್ನುವುದೇ ಇಲ್ಲ. ಭಾನುವಾರದ ರಶ್ಶು ಬೇರೆ. ಒಂದು ಗಂಟೆ ಬಾಗಿಲ ಹತ್ತಿರ ನಿಂತು ವರೆನ್ನಾ ಸೇರಿದೆವು. ಹೋಗಲಿ, ಬೋಟ್ ಇದೆಯಲ್ಲಾ ಅಂದುಕೊಂಡೆವು.

ಬೋಟು ಹತ್ತುವ ಕಟ್ಟೆಯ ಹತ್ತಿರ ನಮ್ಮನ್ನೆಲ್ಲ ನಿಲ್ಲಿಸಿ, “ಇಲ್ಲೇ ಇರಿ, ಬಂದೆ” ಅಂತ ಅವರು ಟಿಕೆಟ್ ಕೌಂಟರಿನ ಕ್ಯೂಗೆ ಹೋದರು. ಎಲ್ಲರೂ ನಿಲ್ಲುವ ಅದೇ ಕ್ಯೂ. ಸ್ವಲ್ಪ ಹೊತ್ತಿಗೆ ದೊಡ್ಡ ಫೆರಿ ಬಂತು. ಅದರ ಮುಂದಿನ ಹಲಗೆ ದಡಕ್ಕೆ ಇಳಿಯಿತು, ಕಾರುಗಳು ಒಂದೊಂದಾಗಿ ಹೊರಗೆ ಬಂದವು, ಈ ಕಡೆಯಿಂದ ಬೇರೆ ಕಾರುಗಳು ಒಳಗೆ ಹೋದವು. ನನ್ನ ಪಕ್ಕದಲ್ಲಿ ತರಕಾರಿ ಚೀಲ ಹಿಡಿದ ಒಬ್ಬ ಅಜ್ಜಿ ನಿಂತಿದ್ದರು. ನಾನು ಆಗಲೂ ಅದರ ಹಿಂದೆ ಮರದ ಬೋಟ್ ಬರುತ್ತದೆ ಅಂತ ನೋಡುತ್ತಿದ್ದೆ.

“ಹತ್ತಿ ಹತ್ತಿ, ಬೇಗ!”

“ಅಣ್ಣಾ, ಪ್ರೈವೇಟ್ ಬೋಟು?”

“ಇದೇ ಕಣಮ್ಮಾ. ಇವತ್ತು ಹವಾಮಾನ ಸರಿ ಇಲ್ಲ ಅಂತ ಚಿಕ್ಕ ಬೋಟು ಬಿಡ್ತಿಲ್ಲ.”

ಬಿಸಿಲು ಸುಡುತ್ತಿತ್ತು. ನಮ್ಮ ಕಣ್ಣೆದುರಿಗೇ ಚಿಕ್ಕ ಬೋಟುಗಳು ಓಡಾಡುತ್ತಿದ್ದವು. ಗೇಟಿನಲ್ಲಿ ಟಿಕೆಟ್ ಕೈಗೆ ಕೊಟ್ಟು, ದಾಟಿದ ಕೂಡಲೇ ವಾಪಸ್ ಕಿತ್ತುಕೊಂಡರು. ಆದರೆ ಬೆಲೆ ಕಾಣಿಸಿಬಿಟ್ಟಿತು. 5 ಯೂರೋ ಆಸುಪಾಸು. ಅಲ್ಲಿಂದ ಬೆಲ್ಲಾಜಿಯೋಗೆ 15 ನಿಮಿಷದ ದಾರಿ. ನಮ್ಮ ‘ಕ್ರೂಸ್’ ಅಷ್ಟೇ. ರೂಮ್‌ಮೇಟ್ ಏನೂ ಮಾತಾಡಲಿಲ್ಲ. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಬೆಲ್ಲಾಜಿಯೋ ತುದಿಯಲ್ಲಿ ಸರೋವರ ಎರಡು ಕವಲಾಗಿ ಒಡೆಯುತ್ತದೆ, ಒಂದು ಕೋಮೋ ಕಡೆ, ಒಂದು ಲೆಕ್ಕೋ ಕಡೆ. ಅದನ್ನು ನೋಡಬೇಕು ಅಂತ ನನಗೆ ತುಂಬಾ ಆಸೆ ಇತ್ತು. ಟೈಮ್ ಇಲ್ಲ ಅಂದರು. ಊಟ ಅಂದರೆ ಚೀಸ್ ಇಟ್ಟ ಒಂದು ಬ್ರೆಡ್ಡು, ನೀರಿನ ಬಾಟಲಿ, ಮೆಟ್ಟಿಲ ಮೇಲೆ ಕೂತು ತಿಂದೆವು. ಮೆನಾಜ್ಜೋ ಕ್ಯಾನ್ಸಲ್. ವಿಲ್ಲಾ ಕಾರ್ಲೊಟ್ಟಾ? ಆಚೆ ದಡಕ್ಕೆ ಬೆರಳು ತೋರಿಸಿ, “ಅದೇ ನೋಡಿ, ಫೋಟೋ ತಗೊಳ್ಳಿ” ಅಂದರು! ಫೋಟೋ ತಗೊಳ್ಳಿ ಅಂತೆ!

ಮನೆಗೆ ಬಂದು ದುಡ್ಡು ವಾಪಸ್ ಕೇಳಿದೆ. ಮೊದಲ ಉತ್ತರ: “ತಂಗಿ, ಬೋಟ್ ಅಂದಿದ್ದೆ, ಬೋಟಲ್ಲೇ ಹೋದ್ಯಲ್ಲಾ?” ಪ್ರೈವೇಟ್ ಅಂತ ಬರೆದಿದ್ದ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿದೆ. “ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ, ನಿಮಗೊಬ್ಬರಿಗೇ ಪ್ರಾಬ್ಲಂ.” ಮತ್ತೆ ಕೇಳಿದೆ. “ಡಿಯರ್ ಕಸ್ಟಮರ್, ನೋ ರೀಫಂಡ್ ಆಫ್ಟರ್ ಟ್ರಿಪ್.” ಆಮೇಲೆ ಬ್ಲಾಕ್. ನಮ್ಮೋರು, ನಮ್ಮೋರು ಅಂದವರು!

ಪೇಪಾಲ್‌ನಿಂದಲೂ ಏನೂ ಆಗಲಿಲ್ಲ. ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಅಂತ ಕಳಿಸಿದ ದುಡ್ಡಿಗೆ ಖರೀದಿ ರಕ್ಷಣೆ ಇಲ್ಲ. ಅದಕ್ಕೇ ಅವರು ಹಾಗೆ ಹಾಕಿಸಿದ್ದು, ನನಗೆ ಅನುಮಾನವೇ ಇಲ್ಲ. ಆನ್‌ಲೈನ್ ಖರೀದಿಯನ್ನು 14 ದಿನದೊಳಗೆ ರದ್ದು ಮಾಡುವ ಹಕ್ಕು ಯುರೋಪಿನಲ್ಲಿದೆ, ಆದರೆ ತಾರೀಕು ಗೊತ್ತುಮಾಡಿದ ಇಂಥ ಟ್ರಿಪ್‌ಗೆ ಅದು ಬರುವುದಿಲ್ಲ.

ಕೋಮೋ ನೋಡಬೇಕಾ? ನೀವೇ ಹೋಗಿ. ವರೆನ್ನಾಗೆ ರೈಲು ಒಂದು ಕಡೆಗೆ 7–8 ಯೂರೋ. ವರೆನ್ನಾ, ಬೆಲ್ಲಾಜಿಯೋ, ಮೆನಾಜ್ಜೋ ಮೂರಕ್ಕೂ ಓಡಾಡಲು ಫೆರಿಯ ಡೇ ಪಾಸ್ ಸಿಗುತ್ತದೆ. ರೈಲು, ಫೆರಿ ಎಲ್ಲ ಸೇರಿ 30 ಯೂರೋ ಆಸುಪಾಸು. ಹೋಗುವಾಗ ರೈಲಿನಲ್ಲಿ ಎಡಗಡೆ ಕೂತರೆ ನೀರು ಕಾಣುತ್ತದೆ. ಕಾಗದದ ರೈಲು ಟಿಕೆಟ್ ತಗೊಂಡರೆ ಹತ್ತುವ ಮುಂಚೆ ಮಷೀನಿನಲ್ಲಿ ಪಂಚ್ ಮಾಡಿಸಿ, ಇಲ್ಲದಿದ್ದರೆ ದಂಡ.

ಈಗ ಅದೇ ಜನ ಲೇಕ್ ಗಾರ್ಡಾ, ಸಿರ್ಮಿಯೋನೆ ಅಂತ ಹೊಸ ಮೆಸೇಜ್ ಹಾಕಿದ್ದಾರೆ, ಅಲ್ಲೂ ಪ್ರೈವೇಟ್ ಬೋಟಂತೆ. ಗಾರ್ಡಾ ದಡದ ಡೆಸೆಂಜಾನೋಗೆ ಮಿಲಾನ್‌ನಿಂದ ನೇರ ರೈಲು ಇದೆ, ಅಲ್ಲಿಂದ ಸಿರ್ಮಿಯೋನೆಗೆ ಬಸ್ಸೂ ಇದೆ, ಫೆರಿಯೂ ಇದೆ. ಆಗಲೇ ದುಡ್ಡು ಕಳಿಸಿರುವವರು ಇವತ್ತೇ ವಾಪಸ್ ಕೇಳಿ. ಟ್ರಿಪ್ ಮುಗಿದ ಮೇಲೆ ಅವರು ಫೋನ್ ಎತ್ತುವುದಿಲ್ಲ.